ಜೆಲ್ ಆಮೇಲೆ, ಮೊದಲು ಆ ರಾತ್ರಿ ಬಾಟಲಿ

ಎಂಟು ತಿಂಗಳ ಮಗು, ಕೆಳಗೆ ಎರಡು ಹಲ್ಲು, ರಾತ್ರಿ ಎದ್ದು ಅಳುತ್ತದೆ, ಬಾಟಲಿ ಬಾಯಿಗಿಟ್ಟರೆ ಮಾತ್ರ ಮಲಗುತ್ತದೆ, ಒಸಡಿನ ನೋವಿಗೆ ಯಾವ ಜೆಲ್ ಹಚ್ಚಲಿ ಅಂತ ಕೇಳಿದ್ದೀರಿ. ಬಿದ್ದುಹೋಗುವ ಹಲ್ಲಿಗೆ ಬ್ರಷ್ ಯಾಕೆ ಅಂತಲೂ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ನನಗೆ ಜೆಲ್‌ಗಿಂತ ಆ ಬಾಟಲಿಯದೇ ಭಯ.

ನನ್ನ ಮಗಳಿಗೆ ಹಲ್ಲು ಬರುವಾಗ ಜೊಲ್ಲು ಸುರಿದು ಗದ್ದವೆಲ್ಲ ಕೆಂಪಾಗಿತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳು. ರಾತ್ರಿ ಹಾಲಿನ ಬಾಟಲಿ ಕೊಟ್ಟರೆ ತಕ್ಷಣ ಸುಮ್ಮನಾಗುತ್ತಿದ್ದಳು. ಹಲ್ಲು ಬಂತು, ಅಳು ನಿಂತಿತು, ಬಾಟಲಿ ಮಾತ್ರ ನಿಲ್ಲಲಿಲ್ಲ. ಒಂದು ವರ್ಷ ದಾಟಿದ ಮೇಲೂ ಅದು ಬಾಯಲ್ಲಿದ್ದರೇನೇ ನಿದ್ದೆ.

ತಪ್ಪಾಗಿದ್ದು ಅಲ್ಲೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಬರುತ್ತದೆ, ಮಗು ನುಂಗುವುದೂ ಕಡಿಮೆ. ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಹಾಗೇ ನಿಲ್ಲುತ್ತದೆ. ನಾವು ಬೇರೆ ಸಕ್ಕರೆ ಹಾಕದಿದ್ದರೂ ಹಾಲಿನಲ್ಲಿ ಅದರದ್ದೇ ಸಕ್ಕರೆ ಇದೆ. ಬಾಯಿಯ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ, ಹಾಲುಹಲ್ಲಿನ ಎನಾಮೆಲ್, ಅಂದರೆ ಮೇಲಿನ ಗಟ್ಟಿ ಪದರ, ಬೇರೆ ತೆಳು. ಕೆಳಗಿನ ಹಲ್ಲಿಗೆ ನಾಲಿಗೆ ಅಡ್ಡ ಇರುವುದರಿಂದ ಅವು ಉಳಿದುಕೊಳ್ಳುತ್ತವೆ. ನಾನು ದಿನಾ ನೋಡುತ್ತಿದ್ದದ್ದು ಆ ಕೆಳಗಿನ ಹಲ್ಲನ್ನೇ, ಮೇಲಿನ ತುಟಿ ಎತ್ತಿ ನೋಡಲೇ ಇಲ್ಲ. ಒಂದು ದಿನ ನೋಡಿದಾಗ ಒಸಡಿನ ಅಂಚಿಗೆ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಪಟ್ಟೆ ಇತ್ತು. ಹಾಲಿನ ಕಲೆ ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ, ನಾನೂ ಬಿಟ್ಟುಬಿಟ್ಟೆ. ಹುಳುಕು ಶುರುವಾಗುವುದೇ ಹಾಗೆ, ಆಗಲೇ ಡಾಕ್ಟರಿಗೆ ತೋರಿಸಿದ್ದರೆ ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಶ್ ಅನ್ನೋ ಲೇಪ ಹಚ್ಚಿ ಅಲ್ಲಿಗೇ ತಡೆಯುವ ಅವಕಾಶವಿತ್ತು. ಪಟ್ಟೆ ಕಂದಾಗಿ, ಹಲ್ಲಿನ ಅಂಚು ಪುಡಿಯಾದ ಮೇಲೆ ಹೋದೆವು. ಅಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಕೊಟ್ಟು ಹಲ್ಲು ಕೀಳಿಸಬೇಕಾಯಿತು.

ಹಾಗಾಗಿ ಬಿದ್ದುಹೋಗುವ ಹಲ್ಲು ಅನ್ನಬೇಡಿ. ಹಿಂದಿನ ಹಾಲುಹಲ್ಲುಗಳು 10-12 ವರ್ಷದವರೆಗೂ ಬೇಕು, ಆಮೇಲೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವೇ.

ಜೆಲ್ ಬೇಡವೇ ಬೇಡ. ಒಸಡು ಮರಗಟ್ಟಿಸುವ ಬೆಂಜೋಕೇನ್ ಇರುವ ಜೆಲ್ 2 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ, ರಕ್ತ ಆಮ್ಲಜನಕ ಒಯ್ಯುವುದಕ್ಕೇ ಅದು ಅಡ್ಡಿ ಮಾಡಬಹುದು. ಹಲ್ಲು ಬರಲಿ ಅಂತ ಹಾಕುವ ಮಣಿಸರವೂ ಬೇಡ, ಕತ್ತಿಗೆ ಬಿಗಿಯಬಹುದು, ಮಣಿ ಗಂಟಲಲ್ಲಿ ಸಿಕ್ಕಬಹುದು. ಕೈ ತೊಳೆದು ಬೆರಳಿಂದ ಒಸಡು ಮೆಲ್ಲಗೆ ಉಜ್ಜಿ, ತಣ್ಣನೆಯ ಒದ್ದೆ ಬಟ್ಟೆ ಕಚ್ಚಲು ಕೊಡಿ, ಅದು ಕಚ್ಚುವಷ್ಟು ಹೊತ್ತೂ ಪಕ್ಕದಲ್ಲೇ ಕೂತಿರಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಹಲ್ಲಿನದ್ದಲ್ಲ, ಡಾಕ್ಟರಿಗೆ ತೋರಿಸಿ.

ಎಂಟು ತಿಂಗಳಿಗೆ ರಾತ್ರಿ ಹಸಿವಾಗುವುದು ಸಹಜ ಅಲ್ವಾ, ಹಾಲು ಕೊಡಿ. ಆದರೆ ಮಡಿಲಲ್ಲಿ ಎತ್ತಿಕೊಂಡು ಕುಡಿಸಿ, ಕುಡಿದಾದ ಮೇಲೆ ಬಾಟಲಿ ತೆಗೆದುಬಿಡಿ, ತೊಟ್ಟಿಲಲ್ಲಿ ಬಿಡಬೇಡಿ. ಮೊದಲೆರಡು ರಾತ್ರಿ ಜೋರಾಗಿ ಅಳಬಹುದು, ಬೆನ್ನು ತಟ್ಟಿ. ಬ್ರಷ್ ಇವತ್ತೇ ಶುರು ಮಾಡಿ, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಫ್ಲೋರೈಡ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬನ್ನಿ. ಮೇಲಿನ ಹಲ್ಲು ಇನ್ನೇನು ಬರುತ್ತವೆ, ಬಂದ ಮೇಲೆ ಆಗಾಗ ಬೆಳಕಿನಲ್ಲಿ ತುಟಿ ಎತ್ತಿ ನೋಡುತ್ತಿರಿ. ಬಿಳಿ ಗೆರೆ ಕಂಡರೆ ಒರೆಸುತ್ತಾ ಕೂರಬೇಡಿ, ಆ ವಾರವೇ ತೋರಿಸಿ.