ಪರದೆಯ ಮೇಲಿನ ಹೆಸರು ಎಲ್ಲಿಂದ ಬರುತ್ತದೆ?

ಉಡುಪಿಯ ಓದುಗರೊಬ್ಬರ ಪತ್ರ: ದುಬೈಯಲ್ಲಿರುವ ಮಗ ಫೋನ್ ಮಾಡಿದರೆ ಒಮ್ಮೆ ಹೆಸರು ಬರುತ್ತದೆ, ಒಮ್ಮೆ ಬರೀ ನಂಬರ್. ಬ್ಯಾಂಕಿನ ಮೆಸೇಜ್ ಕೆಲವು ಸಲ ‘ಎಎಕ್ಸ್’ ಎಂದೂ ಕೆಲವು ಸಲ ‘ವಿಎಂ’ ಎಂದೂ ಶುರುವಾಗುತ್ತದೆ. ಮೊನ್ನೆ ಬ್ಯಾಂಕಿನ ಹಳೆಯ ಮೆಸೇಜ್‌ಗಳ ಕೆಳಗೇ ‘ಕೆವೈಸಿ ಸರಿಪಡಿಸಿ’ ಎಂಬ ಲಿಂಕ್ ಬಂದಿದೆ. ಒತ್ತಬಹುದೇ?

ಸಂಪಾದಕರ ಉತ್ತರ: ಒತ್ತಬೇಡಿ. ಕಾರಣ ಮುಂದೆ ಹೇಳುತ್ತೇವೆ, ಮೊದಲು ಮಗನ ಕರೆಯ ವಿಷಯ.

ಕರೆಯ ಜೊತೆ ನೆಟ್‌ವರ್ಕ್ ಸಾಮಾನ್ಯವಾಗಿ ಕಳುಹಿಸುವುದು ನಂಬರನ್ನು ಮಾತ್ರ. ಫೋನ್ ಅದನ್ನು ನೀವು ಸೇವ್ ಮಾಡಿದ ನಂಬರ್‌ಗಳ ಜೊತೆ ಹೋಲಿಸಿ, ಸಿಕ್ಕಿದರೆ ಹೆಸರು ತೋರಿಸುತ್ತದೆ. ಮಗನ ನಂಬರನ್ನು ಅಲ್ಲಿನವರು ಬರೆಯುವಂತೆ 050 ಎಂದು ಸೇವ್ ಮಾಡಿದ್ದರೆ, +971 50 ಎಂದು ಬರುವ ಕರೆಗೆ ಅದು ತಾಳೆಯಾಗದೇ ಹೋಗಬಹುದು. +971 ಹಾಕಿ, ಸೊನ್ನೆ ಬಿಟ್ಟು ಸೇವ್ ಮಾಡಿ. ಊರಿನವರ ನಂಬರಿಗೂ +91 ಇರಲಿ, ನೀವು ಗಲ್ಫಿಗೆ ಹೋದಾಗಲೂ ಹೆಸರು ಬರುತ್ತದೆ. ಅಗ್ಗದ ಕಾಲಿಂಗ್ ಆ್ಯಪ್‌ನಿಂದ ಮಾಡಿದ ಕರೆ ಬೇರೆ ಬೇರೆ ಕಂಪನಿಗಳ ದಾರಿ ಹಿಡಿದು ಬರುವುದರಿಂದ ನಂಬರೇ ಬದಲಾಗಿರಬಹುದು. ಅದಕ್ಕೆ ನಿಮ್ಮ ಫೋನಿನಲ್ಲಿ ಮದ್ದಿಲ್ಲ.

ಸಿಮ್ ದಾಖಲೆಯಲ್ಲಿರುವ ಹೆಸರನ್ನೇ ಕರೆಯ ಜೊತೆ ತೋರಿಸುವ ವ್ಯವಸ್ಥೆಗೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಆದರೆ ಸಿಮ್ ಅಪ್ಪನ ಹೆಸರಿನಲ್ಲಿದ್ದರೆ ಮಗಳು ಫೋನ್ ಮಾಡಿದಾಗಲೂ ಅಪ್ಪನ ಹೆಸರೇ ಕಾಣುತ್ತದೆ. ಟ್ರೂಕಾಲರ್ ಆ್ಯಪ್ ತೋರಿಸುವ ಹೆಸರು ಹೆಚ್ಚಾಗಿ ಜನರೇ ಕೊಟ್ಟದ್ದು, ಅದು ದಾಖಲೆಯಲ್ಲ.

ಇನ್ನು ಮೆಸೇಜ್. ‘ಎಎಕ್ಸ್’, ‘ವಿಎಂ’ ಎರಡೂ ಅಸಲಿಯೇ ಇರಬಹುದು. ಮೊದಲ ಅಕ್ಷರ ಕಳುಹಿಸಿದ ಟೆಲಿಕಾಂ ಕಂಪನಿಯದು: ಎ ಎಂದರೆ ಏರ್‌ಟೆಲ್, ಜೆ ಜಿಯೋ, ವಿ ವೊಡಾಫೋನ್ ಐಡಿಯಾ, ಬಿ ಬಿಎಸ್ಸೆನ್ನೆಲ್. ಎರಡನೆಯದು ಸರ್ಕಲ್, ಅಂದರೆ ಟೆಲಿಕಾಂ ಸೇವೆಯ ಪ್ರದೇಶ: ಎಕ್ಸ್ ಕರ್ನಾಟಕ, ಎಂ ಮುಂಬೈ, ಡಿ ದೆಹಲಿ. ನೀವು ಉಡುಪಿಯಲ್ಲಿದ್ದರೂ ಬ್ಯಾಂಕಿನ ಮೆಸೇಜ್ ಮುಂಬೈಯಿಂದ ಹೊರಟರೆ ಎಂ ಇರುತ್ತದೆ. ಆಮೇಲೆ ಬರುವುದು ಹೆಡರ್, ಅಂದರೆ ಬ್ಯಾಂಕಿನಂಥ ಸಂಸ್ಥೆ ನೋಂದಾಯಿಸಿದ ಗುರುತಿನ ಹೆಸರು. 2025ರಿಂದ ಕೊನೆಗೆ ಇನ್ನೊಂದು ಅಕ್ಷರವೂ ಸೇರಿದೆ: ಪಿ ಜಾಹೀರಾತು, ಎಸ್ ಸೇವೆ, ಟಿ ವ್ಯವಹಾರ, ಜಿ ಸರಕಾರ. ಹತ್ತಂಕಿಯ ಸಾದಾ ಮೊಬೈಲ್ ನಂಬರಿನಿಂದ ‘ಬ್ಯಾಂಕ್’ ಎಂದು ಬಂದರೆ ಅದು ಮೋಸವೆಂದೇ ತಿಳಿಯಿರಿ.

ಹಾಗಾದರೆ ಸರಿಯಾದ ಹೆಡರ್ ಇದ್ದರೆ ನಂಬಬಹುದೇ? ಇಲ್ಲ, ನಾವು ಒತ್ತಿ ಹೇಳಬೇಕಾದದ್ದು ಇದನ್ನೇ. ಎಸ್ಸೆಮ್ಮೆಸ್‌ನಲ್ಲಿ ಕಳುಹಿಸಿದವರ ಜಾಗದಲ್ಲಿ ನಂಬರ್ ಇರಬಹುದು, ಇಲ್ಲವೇ ಗರಿಷ್ಠ 11 ಅಕ್ಷರ ಇರಬಹುದು. ಅಲ್ಲಿ ಬರೆದದ್ದು ನಿಜವೇ ಎಂದು ಪರೀಕ್ಷಿಸುವ ಉಪಾಯ ಫೋನಿನಲ್ಲಿಲ್ಲ. ಅಕ್ಷರಗಳು ಒಂದೇ ಆಗಿದ್ದರೆ ಫೋನ್ ಹಳೆಯ ಮೆಸೇಜ್‌ಗಳ ಕೆಳಗೇ ಹೊಸದನ್ನೂ ಸೇರಿಸಿಬಿಡುತ್ತದೆ. ನಮ್ಮಲ್ಲಿ ಟೆಲಿಕಾಂ ಕಂಪನಿಗಳು ಹೆಡರನ್ನೂ ಮೆಸೇಜಿನ ಒಕ್ಕಣೆಯನ್ನೂ ನೋಂದಣಿಯ ಜೊತೆ ತಾಳೆ ನೋಡಿಯೇ ಬಿಡುತ್ತವೆ. 2024ರ ಅಕ್ಟೋಬರ್‌ನಿಂದ ಲಿಂಕ್‌ಗೂ ಮುಂಚಿತ ನೋಂದಣಿ ಬೇಕು. ಆದರೆ ಮೋಸಗಾರರು ಕಾರಿನಲ್ಲಿಟ್ಟ ನಕಲಿ ಮೊಬೈಲ್ ಟವರ್ ಈ ತಪಾಸಣೆಯ ಹೊರಗಿನದು. ಅದು ಹತ್ತಿರದ ಫೋನ್‌ಗಳನ್ನು ಹಳೆಯ 2ಜಿ ನೆಟ್‌ವರ್ಕಿಗೆ ಇಳಿಸಿ ಬೇಕಾದ ಹೆಸರಿನಲ್ಲಿ ಮೆಸೇಜ್ ತಳ್ಳುತ್ತದೆ. 2ಜಿಯಲ್ಲಿ ಟವರ್ ಫೋನನ್ನು ಪರೀಕ್ಷಿಸುತ್ತದೆಯೇ ಹೊರತು ಫೋನ್ ಟವರನ್ನು ಪರೀಕ್ಷಿಸುವುದಿಲ್ಲ.

ಆಂಡ್ರಾಯ್ಡ್ 12ರ ನಂತರದ ಹಲವು ಫೋನ್‌ಗಳಲ್ಲಿ ಸಿಮ್ ಸೆಟ್ಟಿಂಗ್ಸ್ ಒಳಗೆ 2ಜಿಯನ್ನು ಆಫ್ ಮಾಡುವ ಗುಂಡಿ ಉಂಟು. ಮಂಗಳೂರು, ಉಡುಪಿ ಪೇಟೆಯಲ್ಲಿದ್ದವರು ಆಫ್ ಮಾಡಿ ನೋಡಬಹುದು. ಘಟ್ಟದ ಬುಡದಲ್ಲಿ 2ಜಿ ಸಿಗ್ನಲ್ ಮಾತ್ರ ಸಿಗುವ ಕಡೆ ಬೇಡ, ಕರೆಗಳೇ ನಿಲ್ಲುತ್ತವೆ.

ಕೆವೈಸಿ ಸಂಶಯವಿದ್ದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಅಥವಾ ಎಟಿಎಂ ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಫೋನ್ ಮಾಡಿ. ಆ ಮೆಸೇಜನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು, ಸರಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ವಿನಲ್ಲಿ ದೂರು ಕೊಡಿ. ಬೇಡದ ಜಾಹೀರಾತಾದರೆ 1909ಕ್ಕೆ, 7 ದಿನದೊಳಗೆ. ಲಿಂಕ್ ಒತ್ತಿ ಹಣ ಹೋಗಿದ್ದರೆ ಬೇರೆಲ್ಲ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಅದೊಂದೇ ಸಮಯ.