ಅಕ್ರಿಂಗ್ಟನ್ ಸ್ಟ್ಯಾನ್ಲಿ ಅಂದರೆ 1888ರ ಆ ಹಳೇ ಕ್ಲಬ್ಬೇನಾ?

1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರು ಮಾಡಿದ 12 ಕ್ಲಬ್‌ಗಳಲ್ಲಿ ಅಕ್ರಿಂಗ್ಟನ್ ಕೂಡ ಇದೆ, ಈಗ ನಾಲ್ಕನೇ ಹಂತದಲ್ಲಿ ಆಡುವ ಅಕ್ರಿಂಗ್ಟನ್ ಸ್ಟ್ಯಾನ್ಲಿ ಅದೇನಾ ಅಂತ ಕೇಳಿದ್ದೀರಿ. ಅಲ್ಲ. ಊರು ಒಂದೇ, ಕ್ಲಬ್ ಬೇರೆ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ಆ ಮೊದಲನೇ ಅಕ್ರಿಂಗ್ಟನ್ 1893ರಲ್ಲಿ ಕೆಳಗಿನ ಡಿವಿಷನ್‌ಗೆ ಇಳಿಯಬೇಕಾಗಿ ಬಂತು. ಅಲ್ಲಿ ಆಡಲು ಒಪ್ಪದೆ ಲೀಗನ್ನೇ ಬಿಟ್ಟಿತು. 1896ರ ಹೊತ್ತಿಗೆ ಮುಚ್ಚಿಯೂ ಹೋಯಿತು. ಅಷ್ಟರಲ್ಲಿ ಅದೇ ಊರಿನಲ್ಲಿ 1891ರಲ್ಲಿ ಸ್ಟ್ಯಾನ್ಲಿ ವಿಲ್ಲಾ ಅನ್ನೋ ತಂಡ ಹುಟ್ಟಿತ್ತು. ಸ್ಟ್ಯಾನ್ಲಿ ಅನ್ನುವುದು ಒಂದು ಬೀದಿಯ ಹೆಸರು, ಅಷ್ಟೇ. ದೊಡ್ಡ ಕ್ಲಬ್ ಬಿಟ್ಟುಹೋದ ಊರಿನ ಹೆಸರನ್ನು ಈ ಬೀದಿಯ ತಂಡ ತನ್ನದಕ್ಕೆ ಸೇರಿಸಿಕೊಂಡಿತು. 1921ರಲ್ಲಿ ಲೀಗಿಗೂ ಬಂತು.

ನಾನು ಈ ಕ್ಲಬ್ಬನ್ನು ಹಚ್ಚಿಕೊಂಡಿದ್ದು 1962ರ ಕಥೆಯಿಂದ. 1955ರಲ್ಲಿ ಮೂರನೇ ಡಿವಿಷನ್‌ನ ಉತ್ತರ ವಿಭಾಗದಲ್ಲಿ ಎರಡನೇ ಸ್ಥಾನದಲ್ಲಿದ್ದ ತಂಡ ಅದು. ಮೇಲೇರುವ ಅವಕಾಶ ಇದ್ದದ್ದು ಮೊದಲ ಸ್ಥಾನಕ್ಕೆ ಮಾತ್ರ. ಆಮೇಲೆ ಸೈನ್ಯದ ಕವಾಯತು ಪ್ರದರ್ಶನಕ್ಕೆ ಕಟ್ಟಿದ್ದ ಒಂದು ಹಳೇ ಸ್ಟ್ಯಾಂಡನ್ನು ಆಲ್ಡರ್‌ಶಾಟ್‌ನಿಂದ ಕೊಂಡು ತಂದರು. ಬೆಲೆ ಕಡಿಮೆಯೇ ಇತ್ತು, ಆದರೆ ದೇಶದ ಆ ತುದಿಯಿಂದ ಸಾಗಿಸಿ ನಿಲ್ಲಿಸುವಷ್ಟರಲ್ಲಿ ಖರ್ಚು ಕೈಮೀರಿತು. ಸಾಲ ಸುಮಾರು 60 ಸಾವಿರ ಪೌಂಡ್ ಮುಟ್ಟಿತು. 1962ರ ಮಾರ್ಚ್‌ನಲ್ಲಿ, ಸೀಸನ್ ನಡುವೆಯೇ, ರಾಜೀನಾಮೆ ಪತ್ರ ಕಳಿಸಿದರು. ನೆರವು ಸಿಗುವ ಹಾಗೆ ಕಂಡ ಮೇಲೆ ಪತ್ರ ವಾಪಸ್ ಕೇಳಿದರು. ಲೀಗ್ ಒಪ್ಪಲಿಲ್ಲ. ಅಲ್ಲಿಯವರೆಗೆ ಆಡಿದ್ದ 33 ಪಂದ್ಯಗಳ ಫಲಿತಾಂಶವನ್ನೂ ಅಳಿಸಿಹಾಕಿದರು. ಬರೆದ ಒಂದು ಪತ್ರವನ್ನು ಹಿಂದಕ್ಕೆ ಕೊಟ್ಟಿದ್ದರೆ ಏನು ಹೋಗುತ್ತಿತ್ತು? ನನಗೆ ಇವತ್ತಿಗೂ ಅದು ಅನ್ಯಾಯ ಅನಿಸುತ್ತದೆ.

1966ರಲ್ಲಿ ಆ ಸ್ಟ್ಯಾನ್ಲಿಯೂ ಮುಚ್ಚಿತು. ಎರಡು ವರ್ಷ ಊರಿಗೆ ಕ್ಲಬ್ಬೇ ಇರಲಿಲ್ಲ. 1968ರಲ್ಲಿ ಜನ ಸಭೆ ಸೇರಿ ಅದೇ ಹೆಸರಲ್ಲಿ ಮತ್ತೆ ಕಟ್ಟಿದರು. ಈಗ ನೀವು ನೋಡುತ್ತಿರುವುದು ಈ ಕ್ಲಬ್ಬನ್ನು. ಕಾಗದದ ಮೇಲೆ ಮೂರನೆಯದು. ಬಹಳ ವರ್ಷ ಸಣ್ಣಪುಟ್ಟ ಲೀಗ್‌ಗಳಲ್ಲೇ ಕಳೆಯಿತು. 1999ರಲ್ಲಿ ಜಾನ್ ಕೋಲ್ಮನ್ ಮ್ಯಾನೇಜರ್ ಆಗಿ ಬಂದ ಮೇಲೆ ಮೆಟ್ಟಿಲು ಹತ್ತಲು ಶುರುವಾಯಿತು. ಇಲ್ಲೇ ಆಡಿ ಬ್ಲ್ಯಾಕ್‌ಪೂಲ್‌ಗೆ ಹೋಗಿದ್ದ ಬ್ರೆಟ್ ಓರ್ಮೆರಾಡ್ 2001ರಲ್ಲಿ ಸೌತಾಂಪ್ಟನ್‌ಗೆ ಮಾರಾಟವಾದಾಗ ಹಳೇ ಒಪ್ಪಂದದ ಪ್ರಕಾರ ಸ್ಟ್ಯಾನ್ಲಿಗೂ ಒಂದು ಪಾಲು ಬಂತು. ಇಂಥ ಕ್ಲಬ್ಬಿಗೆ ಅದು ಜಾಸ್ತಿಯೇ ಹಣ.

2006ರಲ್ಲಿ ಲೀಗಿಗೆ ವಾಪಸ್ ಬಂದರು, 44 ವರ್ಷದ ಮೇಲೆ. 2018ರಿಂದ ಐದು ಸೀಸನ್ ಮೂರನೇ ಹಂತದಲ್ಲೂ ಆಡಿದರು. ಆದರೆ ನನಗೆ 2006ರ ವಿಷಯವೇ ಹೆಚ್ಚು. 1962ರಲ್ಲಿ ಸ್ಟ್ಯಾನ್ಲಿ ಖಾಲಿ ಮಾಡಿದ ಜಾಗಕ್ಕೆ ಲೀಗ್ ಸೇರಿಸಿಕೊಂಡಿದ್ದು ಆಕ್ಸ್‌ಫರ್ಡ್ ಯುನೈಟೆಡ್ ಅನ್ನು. 2006ರಲ್ಲಿ ಸ್ಟ್ಯಾನ್ಲಿ ಮೇಲೆ ಬಂದಾಗ ಲೀಗಿನಿಂದ ಕೆಳಗಿಳಿದ ತಂಡಗಳಲ್ಲಿ ಒಂದು ಅದೇ ಆಕ್ಸ್‌ಫರ್ಡ್.