ಅಜ್ಜನ ಪೇಟಿ, ಮೊಮ್ಮಗನ ಕಿವಿ: ಭಜನೆ ಬಿಟ್ಟ ಹಿರಿಯರೊಬ್ಬರ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಯಸ್ಸು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರಾಯಚೂರು ಜಿಲ್ಲೆಯ ಒಂದು ಪಟ್ಟಣದಿಂದ ಬಂದ ಅವರಿಗೆ 63 ವರ್ಷ. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅವರನ್ನು ಕರೆತಂದವರು ಅವರ ಪತ್ನಿ. "ಎರಡು ತಿಂಗಳಾತು ಮೇಡಂ, ಪೇಟಿ (ಹಾರ್ಮೋನಿಯಂ) ಮುಟ್ಟಿಲ್ಲ, ಭಜನಿಗೆ ಹೋಗಿಲ್ಲ. ಕರಿಯಾಕ ಬಂದವರಿಗೆ ಮೈಯಾಗ ಆರಾಮಿಲ್ಲ ಅಂತ ಹೇಳಿ ಕಳಸ್ತಾರ" ಎಂದು ಆಕೆ ಹೇಳುತ್ತಿದ್ದಾಗ ಅವರು ಕಿಟಕಿಯ ಕಡೆಗೆ ನೋಡುತ್ತಾ ಕುಳಿತಿದ್ದರು.

ನಿವೃತ್ತಿಯ ನಂತರದ ಖಿನ್ನತೆ ಇರಬಹುದೆಂದು ನಾನು ಮೊದಲು ಭಾವಿಸಿದೆ. ನಿದ್ರೆ, ಹಸಿವು, ಆಸಕ್ತಿ, ಬದುಕಿನ ಬಗೆಗಿನ ಮಾತು ಎಲ್ಲವನ್ನೂ ವಿಚಾರಿಸಿದೆ. ಊಟ, ನಿದ್ರೆ ಸರಿಯಾಗಿದ್ದವು, ಹೊಲದ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು, ಬತ್ತಿಹೋಗಿದ್ದುದು ಸಂಗೀತವೊಂದೇ. ಅದರ ಕಾರಣವನ್ನು ಅವರು ಹೇಳಿದ್ದು ಎರಡನೆಯ ಭೇಟಿಯಲ್ಲಿ, ಪತ್ನಿ ಹೊರಗೆ ಕುಳಿತಿದ್ದಾಗ.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರ ಊರು; ಬ್ಯಾಗವಾಟ ಜಗನ್ನಾಥದಾಸರದು. ಈ ಸೀಮೆಯಲ್ಲಿ ದಾಸರ ಪದವನ್ನೂ ತತ್ವಪದವನ್ನೂ ಜನ ಕಲಿಯುವುದು ಪಾಠದಿಂದಲ್ಲ, ಪಕ್ಕದಲ್ಲಿ ಕುಳಿತು. ಇವರೂ ಹಾಗೆಯೇ ಕಲಿತವರು. ಹಳೆಯ ಪೇಟಿ ಮಾಸ್ತರರೊಬ್ಬರ ಬೆರಳು ನೋಡುತ್ತ ನೋಡುತ್ತ ಹಾರ್ಮೋನಿಯಂ ಹಿಡಿದು, ನಲವತ್ತು ವರ್ಷ ಕಪ್ಪು ಎರಡನ್ನು, ಅಂದರೆ ಎರಡನೆಯ ಕಪ್ಪು ಮನೆಯನ್ನು (ಕೀಲಿಯನ್ನು), ಷಡ್ಜ ಎಂದರೆ ಆಧಾರ ಸ್ವರ ಮಾಡಿಕೊಂಡು ಭಜನಾ ಮಂಡಳಿಯಲ್ಲಿ ನುಡಿಸಿದ್ದರು, ಹಾಡಿದ್ದರು. ಸಂಭಾವನೆಯಿಲ್ಲ, ವೇದಿಕೆಯ ಆಸೆಯಿಲ್ಲ. ಮಂಗಳಾರತಿಯಾದ ಮೇಲೆ ಸಿಗುವ ಚಹಾ ಮತ್ತು ಅವಲಕ್ಕಿಯ ಹೊತ್ತಿನ ಹರಟೆಯೇ ಅವರ ಗಳಿಕೆಯಾಗಿತ್ತು.

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗ ಬಂದ. ಎಂಟು ವರ್ಷದ ಹುಡುಗ. ನಾಲ್ಕನೆಯ ವಯಸ್ಸಿನಿಂದ ಕೀಬೋರ್ಡ್ ಕಲಿಯುತ್ತಿದ್ದಾನೆ. ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಯಾವುದು ಕೇಳಿದರೂ ಅದು ಯಾವ ಸ್ವರವೆಂದು ವಾದ್ಯ ನೋಡದೆಯೇ ಹೇಳುತ್ತಾನೆ, ಮತ್ತು ಅವನು ಹೇಳಿದ್ದು ಸರಿಯಾಗಿಯೇ ಇರುತ್ತದೆ. ಒಂದು ಏಕಾದಶಿಯ ರಾತ್ರಿ ಭಜನೆಯ ನಡುವೆ ಅವನು ಕಿವಿ ಮುಚ್ಚಿಕೊಂಡು, "ಅಜ್ಜ, ನಿಮ್ಮ ಹಾರ್ಮೋನಿಯಂ ರಾಂಗ್ ಇದೆ, ನೀವೂ ರಾಂಗಾಗೇ ಹಾಡ್ತಿದ್ದೀರ" ಎಂದುಬಿಟ್ಟ. ಮಂದಿ ನಕ್ಕರು, ಮಗುವಿನ ಜಾಣತನವನ್ನು ಹೊಗಳಿದರು. ಅವರು ಆ ಪದವನ್ನು ಮುಗಿಸಿ ಎದ್ದವರು ಮತ್ತೆ ಅಲ್ಲಿ ಕೂರಲಿಲ್ಲ. ಆನಂತರ ಮೊಬೈಲಿನಲ್ಲಿ ಕಿವಿಯನ್ನು ಪರೀಕ್ಷಿಸುವ ಆ್ಯಪ್ ಒಂದನ್ನು ಹಾಕಿಕೊಂಡು, ಸ್ವರದ ಹೆಸರು ಹೇಳುವ ಪರೀಕ್ಷೆಯಲ್ಲಿ ದಿನವೂ ಸೋಲುತ್ತಿದ್ದರು. "ನಲವತ್ತು ವರ್ಷ ಮಂದಿ ಕಿವಿಗೆ ತಪ್ಪು ಹಾಕಿದ್ನೇನೋ ಅನಸ್ತದ ಮೇಡಂ" ಎಂದು ಅವರು ಹೇಳಿದಾಗ ಅವರ ದನಿ ನಡುಗುತ್ತಿತ್ತು.

ಬರಿಯ ಸಮಾಧಾನದ ಮಾತು ಇಲ್ಲಿ ಸಾಲದೆಂದು ನನಗೆ ಅನ್ನಿಸಿತು. ಲೆಕ್ಕ ಬರೆದು ಬದುಕಿದ ಮನುಷ್ಯನಿಗೆ "ಬಿಡಿ, ಮಗು ಏನೋ ಅಂದಿತು" ಎನ್ನುವುದು ಅಗೌರವವೇ ಸರಿ. ಆದ್ದರಿಂದ ಎರಡು ಕೆಲಸ ಹೇಳಿದೆ: ಕಿವಿಯ ತಪಾಸಣೆ ಮಾಡಿಸುವುದು ಮತ್ತು ಪೇಟಿಯನ್ನು ರಿಪೇರಿ ಮಾಡುವವರಿಗೆ ತೋರಿಸುವುದು. ತಪಾಸಣೆಯಲ್ಲಿ ವಯಸ್ಸಿಗೆ ಸಹಜವಾದ, ಅತಿ ತಾರ ಧ್ವನಿಗಳಿಗಷ್ಟೇ ಸಂಬಂಧಿಸಿದ ಅಲ್ಪ ಇಳಿತ ಕಂಡಿತು. ಹಾಡುವ ದನಿಗೂ ಪೇಟಿಯ ಸ್ವರಗಳಿಗೂ ಅದರಿಂದ ತೊಂದರೆಯಿರಲಿಲ್ಲ. ಪೇಟಿಯ ವರದಿ ಇನ್ನೂ ಸ್ವಾರಸ್ಯಕರವಾಗಿತ್ತು. ಎರಡು ರೀಡುಗಳಲ್ಲಿ (ಸ್ವರ ಹೊರಡಿಸುವ ಲೋಹದ ಪಟ್ಟಿಗಳಲ್ಲಿ) ಧೂಳು ಕೂತಿದ್ದುದನ್ನು ಬಿಟ್ಟರೆ ಸ್ವರಗಳೆಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದವು. ಆದರೆ ಇಡೀ ವಾದ್ಯವೇ ಕೀಬೋರ್ಡಿಗಿಂತ, ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರದ ಅರ್ಧದಷ್ಟು ಕೆಳಗಿತ್ತು.

ಅಂದರೆ ಮಗು ಕೇಳಿಸಿಕೊಂಡದ್ದು ನಿಜ, ಅಜ್ಜ ಹಾಡಿದ್ದು ತಪ್ಪಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಲು ಒಂದಿಡೀ ಭೇಟಿ ಹಿಡಿಯಿತು. ಯಾವ ಆಧಾರವೂ ಇಲ್ಲದೆ ಸ್ವರವನ್ನು ಗುರುತಿಸುವ, ಪರ್ಫೆಕ್ಟ್ ಪಿಚ್ ಎಂದು ಕರೆಯುವ ಮೊಮ್ಮಗನ ಈ ಸಾಮರ್ಥ್ಯ ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೆ ಇರುತ್ತದೆಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಆರೇಳು ವರ್ಷದೊಳಗೆ ಸಂಗೀತ ಕಲಿಯಲು ಆರಂಭಿಸಿದವರಲ್ಲಿ ಮತ್ತು ಚೀನೀ ಭಾಷೆಯಂತೆ ದನಿಯ ಏರಿಳಿತದಿಂದಲೇ ಪದದ ಅರ್ಥ ಬದಲಾಗುವ ನುಡಿಗಳನ್ನಾಡುವ ಸಂಗೀತ ವಿದ್ಯಾರ್ಥಿಗಳಲ್ಲಿ ಅದು ಹೆಚ್ಚು ಕಾಣಸಿಗುತ್ತದೆ. ಅರವತ್ತು ದಾಟಿದವರು ಆ್ಯಪ್ ಹಿಡಿದು ಅದನ್ನು ಸಂಪಾದಿಸಲು ಹೊರಡುವುದು, ಬಿತ್ತನೆಯ ಹದ ಮೀರಿದ ಮೇಲೆ ಬೀಜ ಹುಡುಕಿದಂತೆ. ಅದಿಲ್ಲದೆಯೇ ಹಾಡಿದವರು ಲೋಕದ ಬಹುಪಾಲು ಗಾಯಕರು. ನಮ್ಮ ಸಂಗೀತದಲ್ಲಂತೂ ಷಡ್ಜಕ್ಕೆ ಕಾಯಂ ಜಾಗವೇ ಇಲ್ಲ: ಗಂಡಸರು ಕಪ್ಪು ಒಂದೋ ಎರಡೋ ಹಿಡಿದರೆ ಹೆಂಗಸರು ಕಪ್ಪು ನಾಲ್ಕೋ ಐದೋ ಹಿಡಿಯುತ್ತಾರೆ, ಆ ಷಡ್ಜದಿಂದ ಪಂಚಮ ಎಷ್ಟು ದೂರ, ಗಾಂಧಾರ ಎಷ್ಟು ದೂರ ಎಂದು ಅಳೆಯುವ ಕಿವಿಯೇ ನಮಗೆ ಬೇಕಾದದ್ದು. ಆ ಕಿವಿ ಇವರಿಗೆ ನಲವತ್ತು ವರ್ಷದಿಂದ ಇತ್ತು; ಅದಕ್ಕೆ ರಿಲೇಟಿವ್ ಪಿಚ್ ಎಂಬ ಹೆಸರಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ.

ಮೊಮ್ಮಗ ಹಿಡಿದ ಅಳತೆಗೋಲಿನ ಇತಿಹಾಸವನ್ನೂ ಹೇಳಿದೆ. 1859ರಲ್ಲಿ ಫ್ರಾನ್ಸ್ ದೇಶವು ಎ ಎಂಬ ಸ್ವರಕ್ಕೆ ಸೆಕೆಂಡಿಗೆ 435 ಕಂಪನಗಳೆಂದು ಕಾನೂನು ಮಾಡಿತು. 440 ಎಂಬ ಒಪ್ಪಂದವಾದದ್ದು 1939ರಲ್ಲಿ, ಲಂಡನ್ನಿನ ಸಮ್ಮೇಳನದಲ್ಲಿ. ಇಂದಿನ ಕೀಬೋರ್ಡುಗಳು ಅನುಸರಿಸುವುದು ಆ 440ನ್ನೇ. ಸೇರಿನ ಅಳತೆ ಊರಿಂದೂರಿಗೆ ಬೇರೆಯಿದ್ದ ಕಾಲವನ್ನು ಕೇಳಿ ಬಲ್ಲ ಅವರಿಗೆ ಇದು ತಟ್ಟನೆ ತಿಳಿಯಿತು. "ಹಂಗಾರ ನಮ್ಮ ಸೇರು ಬ್ಯಾರೆ, ಅವನ ಸೇರು ಬ್ಯಾರೆ" ಎಂದರು. ಆಮೇಲೆ ಅವರೇ ನೆನಪಿಸಿಕೊಂಡು, ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನೇ ದೂರವಿಟ್ಟಿತ್ತೆಂದೂ ಆಗಲೂ ಊರ ಭಜನೆಗಳಲ್ಲಿ ಪೇಟಿ ನಿಂತಿರಲಿಲ್ಲವೆಂದೂ ಹೇಳಿದರು. ಅಂದು ಅವರು ನನ್ನ ಕಡೆ ತಿರುಗಿ ಕುಳಿತು ಮಾತನಾಡಿದರು.

ಒಂದು ಪ್ರಯೋಗ ಮಾಡೋಣವೆಂದೆ. ವಾದ್ಯವಿಲ್ಲದೆ, ಅವರಿಗೆ ಪ್ರಿಯವಾದ ಪದದ ಪಲ್ಲವಿಯನ್ನು ನನ್ನ ಕೊಠಡಿಯಲ್ಲೇ ಹಾಡಿಸಿ ಅವರ ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ವಾರ ಬಿಟ್ಟು ಮತ್ತೊಮ್ಮೆ ಹಾಗೆಯೇ ಹಾಡಿಸಿದೆ. ಮನೆಗೆ ಹೋಗಿ ಪೇಟಿಯೊಡನೆ ಹೋಲಿಸಿ ನೋಡಿದಾಗ ಎರಡೂ ಅವರ ಕಪ್ಪು ಎರಡರ ಹತ್ತಿರದಲ್ಲೇ ಇದ್ದವಂತೆ. ಇದು ಪವಾಡವಲ್ಲ. 1994ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಡೇನಿಯಲ್ ಲೆವಿಟಿನ್ ಅವರ ಅಧ್ಯಯನದಲ್ಲಿ, ಚೆನ್ನಾಗಿ ಪರಿಚಿತವಾದ ಹಾಡನ್ನು ನೆನಪಿನಿಂದ ಹಾಡಿದ ಸಾಮಾನ್ಯ ವಿದ್ಯಾರ್ಥಿಗಳಲ್ಲಿ ಹಲವರು ಮೂಲ ಧ್ವನಿಮುದ್ರಣದ ಶ್ರುತಿಯಲ್ಲೇ ಅಥವಾ ಅದರ ಸಮೀಪದಲ್ಲೇ ಹಾಡಿದ್ದರು. ಆದರೂ ತನ್ನ ಗಂಟಲು ತನ್ನ ಪೇಟಿಯನ್ನು ನೆನಪಿಟ್ಟುಕೊಂಡಿದೆ ಎಂಬುದು ಅವರಿಗೆ ಬಹಳ ದೊಡ್ಡ ಸಂಗತಿಯಾಯಿತು.

ನಾನು ಕೊಟ್ಟ ಸಲಹೆಗಳು ಹೆಚ್ಚಿಲ್ಲ. ಆ್ಯಪ್ಪನ್ನು ತೆಗೆದುಹಾಕಬೇಕು, ಏಕೆಂದರೆ ಅದು ಅಳೆಯುತ್ತಿರುವುದು ಅವರ ಸಂಗೀತವನ್ನಲ್ಲ. ಧೂಳು ಕೂತ ರೀಡುಗಳನ್ನು ಸರಿಪಡಿಸಿಕೊಳ್ಳಲಿ. ಇಡೀ ಪೇಟಿಯನ್ನು ಏರಿಸುವುದೋ ಬಿಡುವುದೋ ಮಂಡಳಿಯವರೊಡನೆ ಕೂತು ತೀರ್ಮಾನಿಸಲಿ, ಮೊಮ್ಮಗನ ಮುಂದೆ ಗೆಲ್ಲಲಿಕ್ಕೆಂದು ಮಾಡಿಸುವುದು ಬೇಡ. ಭಜನೆಗೆ ಮೊದಲು ಕೇಳಲು ಹೋಗಲಿ, ತಾಳ ಹಿಡಿಯಲಿ. ಹಾಡಬೇಕೆನಿಸಿದ ದಿನ ಹಾಡಲಿ.

ನನಗೆ ಅವರಷ್ಟೇ ಕಾಳಜಿಯಾದದ್ದು ಆ ಮಗುವಿನದು. ಅವನ ತಾಯಿಯೊಡನೆ ಫೋನಿನಲ್ಲಿ ಮಾತನಾಡಿದೆ. ಬಂದ ನೆಂಟರೆದುರು "ಇದು ಯಾವ ಸ್ವರ ಹೇಳು" ಎಂದು ಅವನನ್ನು ನಿಲ್ಲಿಸಬೇಡಿ ಎಂದೆ. ಇಂಥ ಕಿವಿಯುಳ್ಳವರಿಗೆ ಪರಿಚಿತ ಹಾಡು ಬೇರೆ ಶ್ರುತಿಯಲ್ಲಿ ಕೇಳಿದಾಗ ನಿಜಕ್ಕೂ ಕಿರಿಕಿರಿಯಾಗುತ್ತದೆ. ಅವನು ಕಿವಿ ಮುಚ್ಚಿಕೊಂಡದ್ದು ಉದ್ಧಟತನವಲ್ಲ. ಈ ವರ ವಯಸ್ಸಾದಂತೆ ಕೈಕೊಡುವುದೂ ಉಂಟು. ರಷ್ಯಾದ ಪಿಯಾನೊ ವಾದಕ ಸ್ವ್ಯಾತೋಸ್ಲಾವ್ ರಿಕ್ಟರ್ ಅವರಿಗೆ ಇಳಿವಯಸ್ಸಿನಲ್ಲಿ ಸ್ವರಗಳು ತಮ್ಮ ಜಾಗ ಬಿಟ್ಟು ಮೇಲಿನ ಜಾಗದಲ್ಲಿ ಕೇಳತೊಡಗಿ, ಅವರು ತೀವ್ರ ಸಂಕಟಪಟ್ಟರು. ಆದ್ದರಿಂದ ಹುಡುಗನಿಗೆ ಈಗಿನಿಂದಲೇ ಶ್ರುತಿ ಬದಲಿಸಿ ಹಾಡುವುದು ರೂಢಿಯಾಗಲಿ, ಅದಕ್ಕೆ ಅಜ್ಜನ ಪೇಟಿಗಿಂತ ಒಳ್ಳೆಯ ಪಾಠಶಾಲೆ ಸಿಗದು ಎಂದು ಹೇಳಿದೆ. ಮೊಮ್ಮಗನಿಂದ ಕ್ಷಮೆ ಕೇಳಿಸುತ್ತೇವೆಂದು ತಾಯಿ ಹೇಳಿದಾಗ ಅಜ್ಜನೇ ಬೇಡವೆಂದರು.

ಐದನೆಯ ಭೇಟಿಗೆ ನಿಗದಿಯಾದ ದಿನ ಅವರು ಬರಲಿಲ್ಲ. ಹಿಂದಿನ ರಾತ್ರಿ ಭಜನೆ ಬೆಳಗಿನ ಜಾವದವರೆಗೆ ನಡೆದು ಇನ್ನೂ ಮಲಗಿದ್ದಾರೆಂದು ಪತ್ನಿ ಫೋನು ಮಾಡಿ ಬೇರೆ ದಿನ ಕೇಳಿದರು. ಅವರು ಪೇಟಿ ನುಡಿಸಿದ್ದರು, ಆದರೆ ಒಬ್ಬರೇ ಎತ್ತಿ ಹಾಡಿರಲಿಲ್ಲ. ದಸರಾ ರಜೆಗೆ ಮೊಮ್ಮಗ ಬರುವ ಮೊದಲು ಅದರ ಬಗ್ಗೆ ಇನ್ನೊಮ್ಮೆ ಮಾತಾಡಬೇಕೆಂದು ಅವರೇ ಹೇಳಿ ಕಳುಹಿಸಿದ್ದಾರೆ.